ಟೆಸ್ಟ್ ಪೇಪರ್ ಬ್ಯಾಗ್ ತಳದಲ್ಲೇ ಉಳಿದ್ರೆ ಏನ್ ಮಾಡೋದು? ಓದಿಗೆ ಅಡ್ಡ ಬರೋ ನಾಚಿಕೆ, ಗಾಬರಿ, ಸಿಟ್ಟನ್ನ ಸಂಭಾಳಿಸೋ ಕ್ರಮ

ಚಿಂತಾಮಣೀಲಿ ನಮ್ಮನೆ ಮಹಡಿ ಮೇಲೆ ಸಂಜೆ ಆರರಿಂದ ಎಂಟರವರೆಗೆ ಟ್ಯೂಷನ್ ನಡಿಯುತ್ತೆ, ಹದಿನಾಲ್ಕು ವರ್ಷ ಆಯ್ತು, ಹಗಲೆಲ್ಲಾ ಬ್ಲೌಸ್ ಹೊಲೀತೀನಿ, ಸಂಜೆ ಲೆಕ್ಕ ಹೇಳ್ಕೊಡ್ತೀನಿ. ಏಳನೇ ಕ್ಲಾಸಿಂದ ಎಸ್ಸೆಸ್ಸೆಲ್ಸಿವರೆಗೆ ಮಕ್ಳು ಬರ್ತಾರೆ. ಮೊದಮೊದಲು ನಾನು ಏನನ್ಕೊಂಡಿದ್ದೆ ಅಂದ್ರೆ, ಮಗೂಗೆ ಲೆಕ್ಕ ಬರ್ತಿಲ್ವಾ ಇನ್ನೊಂದ್ಸಲ ಹೇಳ್ಕೊಡು, ಆಗ್ಲೂ ಬರ್ಲಿಲ್ವಾ ಇನ್ನೂ ಹತ್ತು ಲೆಕ್ಕ ಕೊಡು, ಅಷ್ಟೇ ಅಂತ. ಆಮೇಲೆ ಎಂಟನೇ ಕ್ಲಾಸಿನ ಒಬ್ಬ ಹುಡುಗ ಬಂದ. ಅವ್ರಪ್ಪ ಟೊಮೇಟೊ ಬೆಳೀತಾರೆ. ಬಾಯಲ್ಲಿ ಕೇಳಿದ್ರೆ ಹದಿನೈದು ಕೆಜಿ ಬಾಕ್ಸು 300 ರೂಪಾಯಿಗೆ ಹೋದ್ರೆ ಕೆಜಿಗೆ ಎಷ್ಟು ಬಿತ್ತು, ಗಾಡಿ ಬಾಡಿಗೆ ಕಮಿಷನ್ ಕಳೆದು ಕೈಗೆಷ್ಟು ಬಂತು ಅಂತ ಪಟಪಟ ಹೇಳೋನು, ಅದೇ ಲೆಕ್ಕನ ಎಕ್ಸ್ ಹಾಕಿ ಬೋರ್ಡ್ ಮೇಲೆ ಬರೆದ್ರೆ ಅಂಗೈ ಬೆವರಿ ಪೆನ್ನು ಜಾರೋದು, ಬಾಯಿ ಕಟ್ಟೋಗೋದು. ಒಂದಿನ ಅವನ ಬ್ಯಾಗಲ್ಲಿ ಜಾಮಿಟ್ರಿ ಬಾಕ್ಸ್ ಹುಡುಕ್ತಾ ಇರ್ಬೇಕಾದ್ರೆ ತಳದಲ್ಲಿ ನಾಲ್ಕಾಗಿ ಮಡಿಚಿಟ್ಟಿರೋ ಟೆಸ್ಟ್ ಪೇಪರ್ ಸಿಕ್ತು, ಒಂದಲ್ಲ ಐದು, ಯಾವುದಕ್ಕೂ ಮನೆಯವರ ಸಹಿ ಇಲ್ಲ.

ನಂಗೆ ಆ ಮಡಿಕೆ ಚೆನ್ನಾಗೇ ಗೊತ್ತು, ನಾನೂ ಹಂಗೇ ಮಡಿಚಿಟ್ಟೋಳು. ನಾನು ಓದಿದ ಸ್ಕೂಲಲ್ಲಿ ಎಂಟನೇ ಕ್ಲಾಸಲ್ಲಿ ಒಂದು ಬೀಜಗಣಿತದ ಸೂತ್ರ ಬರ್ಲಿಲ್ಲ ಅಂತ ಮೇಷ್ಟ್ರು ಇಡೀ ಪೀರಿಯಡ್ ಬೋರ್ಡ್ ಪಕ್ಕ ನಿಲ್ಸಿದ್ರು, ಮಿಕ್ಕೋರು ನೋಡಿ ನಕ್ರು. ಆಮೇಲಿಂದ ಗಣಿತದ ಪುಸ್ತಕ ತೆಗೆದ್ರೆ ಸಾಕು ಆ ನಗು ಕೇಳ್ಸೋದು, ಪಾಠ ಕಾಣ್ತಾ ಇರ್ಲಿಲ್ಲ. ಎಸ್ಸೆಸ್ಸೆಲ್ಸೀಲಿ ಗಣಿತ ಹೋಯ್ತು. ಎರಡನೇ ಸಲ ಕಟ್ಟಿ ಪಾಸ್ ಮಾಡ್ದೆ, ಪಕ್ಕದ ಮನೆ ಅಜ್ಜ ಒಬ್ರು ರಿಟೈರ್ಡ್ ಗುಮಾಸ್ತ್ರು ಕಡ್ಲೇಕಾಯಿ ಸುಲಿಸ್ತಾ ಸುಲಿಸ್ತಾ ಹೇಳ್ಕೊಟ್ರು. ಬೋರ್ಡಿಲ್ಲ, ನಗೋರಿಲ್ಲ, ಅದೇ ಸೂತ್ರ ಎರಡು ದಿನಕ್ಕೆ ತಲೆಗೆ ಹತ್ತಿತ್ತು.

ಹಂಗಾಗಿ ಈ ಬರಹದಲ್ಲಿ ನಾನು ಹೇಳೋದು ಒಂದೇ ಮಾತಿನ ಸುತ್ತ ಇರುತ್ತೆ: ಕಲಿಯೋಕೆ ಕೂತಾಗ ಮಗು ಆಗ್ಲಿ ದೊಡ್ಡೋರಾಗ್ಲಿ ಮೊದಲು ಎದುರಿಸೋದು ನಾಚಿಕೆನ, ಪಾಠ ಆಮೇಲೆ ಬರುತ್ತೆ. ಪೀಟರ್ ಸಾಲೊವೆ, ಜಾನ್ ಮೇಯರ್ ಅನ್ನೋ ಅಮೆರಿಕದ ಇಬ್ರು ಮನಶ್ಶಾಸ್ತ್ರಜ್ಞರು 1990ರಲ್ಲಿ ಈ ವಿಷಯಕ್ಕೆ ಒಂದು ಹೆಸರು ಕೊಟ್ರು, ನಮ್ಮಲ್ಲಿ ಭಾವನಾತ್ಮಕ ಬುದ್ಧಿವಂತಿಕೆ ಅಂತಾರೆ, ಬಾಯಿ ತುಂಬಾ ದೊಡ್ಡ ಪದ. ತಿರುಳು ಸಣ್ಣದು. ನಂಗೆ, ಎದುರಿಗಿರೋರಿಗೆ ಒಳಗೆ ಏನಾಗ್ತಿದೆ ಅಂತ ಗುರುತು ಹಿಡಿಯೋದು, ಅದು ಯಾಕೆ ಬಂತು ಅಂತ ತಿಳಿಯೋದು, ಅದನ್ನ ಕೆಲಸಕ್ಕೆ ಹಚ್ಚೋದು, ಕೈ ಮೀರದ ಹಾಗೆ ನೋಡ್ಕೊಳ್ಳೋದು.

ಇದರಿಂದ ಮಾರ್ಕ್ಸ್ ಬರುತ್ತಾ ಅಂತ ಎಲ್ಲಾ ಅಪ್ಪ ಅಮ್ಮಂದಿರೂ ಕೇಳ್ತಾರೆ, ಕೇಳ್ಬೇಕಾದ್ದೇ. ಶಾಲೆಗಳಲ್ಲಿ ಇದನ್ನ ಕಲಿಸಿದ 213 ಕಾರ್ಯಕ್ರಮಗಳನ್ನ, ಸುಮಾರು 2 ಲಕ್ಷ 70 ಸಾವಿರ ಮಕ್ಕಳ ಲೆಕ್ಕನ ಒಟ್ಟಿಗೆ ಸೇರಿಸಿ ನೋಡಿದ ಒಂದು ಅಧ್ಯಯನ 2011ರಲ್ಲಿ ಬಂತು, ಓದಿನಲ್ಲಿ 11 ಪರ್ಸೆಂಟೈಲ್‌ನಷ್ಟು ಮೇಲಾಗಿತ್ತು, ಅಂದ್ರೆ ನೂರು ಮಕ್ಕಳ ಸಾಲಲ್ಲಿ ಸರಿಯಾಗಿ ನಡುವೆ ನಿಂತಿರೋ ಮಗು ಹನ್ನೊಂದು ಜನನ ದಾಟಿ ಮುಂದೆ ಹೋದಷ್ಟು. 2020ರಲ್ಲಿ 158 ಅಧ್ಯಯನಗಳನ್ನ ಸೇರಿಸಿ ನೋಡಿದಾಗ್ಲೂ ಮಾರ್ಕ್ಸಿಗೂ ಇದಕ್ಕೂ ನಂಟಿದೆ ಅಂತಾನೇ ಬಂತು, ಆದ್ರೆ ಬುದ್ಧಿಶಕ್ತಿ ಮತ್ತೆ ಶಿಸ್ತಾಗಿ ಕೂತು ಓದೋ ಗುಣ, ಇವೆರಡರಷ್ಟು ದೊಡ್ಡ ನಂಟಲ್ಲ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಇತ್ತೀಚೆಗೆ ಇದರ ಹೆಸರಲ್ಲಿ ಒಂದು ದಿನದ ಶಿಬಿರ ಮಾಡಿ ಸಾವಿರಗಟ್ಟಲೆ ಫೀಸ್ ಕೇಳೋರು ಜಾಸ್ತಿ ಆಗವ್ರೆ. ಮನಸು ಎಷ್ಟೇ ಹದವಾಗಿದ್ರೂ ಮಗ್ಗಿ ಬರ್ದೇ ಇದ್ರೆ ಭಾಗಾಕಾರ ಆಗಲ್ಲ.

ಮೊದಲನೇ ಹೆಜ್ಜೆ: ಟೆನ್ಶನ್ ಅನ್ನೋ ಪದಾನ ಸ್ವಲ್ಪ ದಿನ ಪಕ್ಕಕ್ಕಿಡಿ

ನಮ್ಮ ಮಕ್ಳಿಗೆ ಎಲ್ಲಾದಕ್ಕೂ ಒಂದೇ ಪದ, ಟೆನ್ಶನ್. ಹೋಮ್‌ವರ್ಕ್ ಮುಗೀದಿದ್ರೆ ಟೆನ್ಶನ್, ಫ್ರೆಂಡ್ ಮಾತಾಡ್ಸಿಲ್ಲ ಅಂದ್ರೂ ಟೆನ್ಶನ್, ಅಪ್ಪ ಕುಡ್ದು ಬಂದ್ರೂ ಟೆನ್ಶನ್. ಒಂದೇ ಡಬ್ಬೀಲಿ ಉಪ್ಪು ಸಕ್ಕರೆ ರವೆ ಎಲ್ಲಾ ಸುರಿದ ಹಾಗೆ, ಯಾವುದನ್ನ ತೆಗೀಬೇಕೋ ಗೊತ್ತಾಗಲ್ಲ. ಕನ್ನಡದಲ್ಲಿ ಪದಕ್ಕೆ ಬರ ಇಲ್ಲ: ಅಳುಕು, ದಿಗಿಲು, ಗಾಬರಿ, ಕಸಿವಿಸಿ, ಸಂಕೋಚ, ಅವಮಾನ, ಹೊಟ್ಟೆಕಿಚ್ಚು, ಮುನಿಸು, ಬೇಸರ, ಜಿಗುಪ್ಸೆ. ಇವನ್ನ ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟ್ಸಿದೀನಿ. ಬಂದ ತಕ್ಷಣ ನೋಟ್‌ಬುಕ್ಕಿನ ಮೂಲೇಲಿ ಇವತ್ತಿನದು ಯಾವುದು, ಯಾಕೆ ಅಂತ ಒಂದು ಸಾಲು ಬರೀಬೇಕು, ಅಷ್ಟೇ. ನಾನು ಓದಲ್ಲ, ತೋರಿಸ್ಬೇಕು ಅನ್ಸಿದ್ರೆ ತೋರಿಸ್ತಾರೆ. ಹೆಸರಿಟ್ರೆ ಏನಾಗುತ್ತೆ ಅಂತೀರಾ, ಮೆದುಳಿನ ಸ್ಕ್ಯಾನ್ ಮಾಡ್ತಾ 2007ರಲ್ಲಿ ಒಂದು ಪ್ರಯೋಗ ನಡೆದಿತ್ತು, ಸಿಟ್ಟು ಭಯ ಇರೋ ಮುಖಗಳ ಚಿತ್ರ ತೋರ್ಸಿ ಆ ಭಾವನೆಗೆ ಒಂದು ಪದ ಹಚ್ಚೋಕೆ ಹೇಳಿದ್ರು, ಪದ ಹಚ್ಚಿದಾಗ ಅಮಿಗ್ಡಲಾ ಅಂತ ಮೆದುಳಲ್ಲಿ ಭಯದ ಗಂಟೆ ಬಾರಿಸೋ ಭಾಗ ಇದೆಯಲ್ಲ ಅದರ ಅಬ್ಬರ ಕಮ್ಮಿ ಆಗಿತ್ತು.

ಇಲ್ಲಿ ನಮ್ಮ ಕಡೆಗೇ ಸೇರಿದ ಒಂದು ವಿಷಯ ಇದೆ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು, ಈ ಕಡೆಯೆಲ್ಲಾ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಸ್ಕೂಲಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಮಗು ಸಿಟ್ಟು ಮಾಡ್ಕೊಳ್ಳೋದು ತೆಲುಗಲ್ಲಿ, ಉತ್ತರ ಬರೀಬೇಕಾಗಿರೋದು ಇಂಗ್ಲಿಷಲ್ಲಿ. ಒಂದು ಹುಡುಗಿ ಮೂರು ವಾರ ಏನು ಕೇಳಿದ್ರೂ ಗೊತ್ತಿಲ್ಲ ಅಕ್ಕ ಅಂತಿದ್ಲು, ತೆಲುಗಲ್ಲಿ ಹೇಳಮ್ಮ ಅಂದೆ, ತಕ್ಷಣ "ಸಿಗ್ಗೇಸ್ತಾ ಉಂದಿ ಅಕ್ಕಾ" ಅಂದ್ಲು, ನಾಚಿಕೆ ಆಗ್ತಿದೆ ಅಂತ. ಯಾಕೆ ಅಂದ್ರೆ ಕ್ಲಾಸಲ್ಲಿ ಇಂಗ್ಲಿಷ್ ಓದ್ವಾಗ ಸ್ಕೂಲನ್ನ ಇಸ್ಕೂಲ್ ಅಂದಿದ್ಲು, ನಕ್ಕಿದ್ರು. ಮೂರು ವಾರದ ಗಣಿತ ಆ ಒಂದು ಇಸ್ಕೂಲಿಗೆ ಬಲಿಯಾಗಿತ್ತು ನೋಡಿ. ಹಂಗಾಗಿ ಭಾವನೆ ಹೇಳೋವಾಗ ಮನೆ ಭಾಷೇಲೇ ಹೇಳೋಕೆ ಬಿಡಿ, ಉರ್ದು ಮನೆ ಮಕ್ಳಾದ್ರೆ ಉರ್ದೂಲಿ. ಸಂತಕವಿ ಕೈವಾರ ತಾತಯ್ಯನವರೇ ತೆಲುಗಲ್ಲೂ ಹಾಡಿದ್ರು ಕನ್ನಡದಲ್ಲೂ ಹಾಡಿದ್ರು, ಕೈವಾರ ನಮ್ಮ ತಾಲ್ಲೂಕೇ, ಇಲ್ಲಿ ಎರಡು ಭಾಷೆ ಬೆರೆಸೋದಕ್ಕೆ ಯಾರೂ ನಾಚ್ಕೋಬೇಕಾಗಿಲ್ಲ.

ಎರಡನೇ ಹೆಜ್ಜೆ: ಮುಂದಕ್ಕೆ ಹಾಕೋದನ್ನ ಸೋಮಾರಿತನ ಅನ್ಬೇಡಿ

ನೀರು ಕುಡಿದು ಬರ್ತೀನಿ, ಪೆನ್ಸಿಲ್ ಕೆತ್ತಿ ಬರ್ತೀನಿ, ಆಮೇಲೆ ಬಾತ್‌ರೂಮು. ಇದು ಬಹಳ ಸಲ ಕೆಲಸದಿಂದ ತಪ್ಪಿಸ್ಕೊಳ್ಳೋದಲ್ಲ, ಆ ಕೆಲಸ ಎದುರಿಗೆ ಬಂದಾಗ ಆಗೋ ಕಸಿವಿಸಿಯಿಂದ ತಪ್ಪಿಸ್ಕೊಳ್ಳೋದು. ಬೈದ್ರೆ ಕಸಿವಿಸಿ ಇನ್ನೂ ಜಾಸ್ತಿ ಆಗುತ್ತೆ, ಆಗ ಇನ್ನೂ ನೀರು ಕುಡಿಯೋಕೆ ಹೋಗ್ತಾರೆ. ಮಾಡ್ಬೇಕಾದ್ದು ಇಷ್ಟು: ಮೊದಲ ಲೆಕ್ಕ ಮಗೂಗೆ ಗ್ಯಾರಂಟಿ ಬರೋದೇ ಇರ್ಲಿ, ಹೋದ ವರ್ಷದ್ದಾದ್ರೂ ಪರವಾಗಿಲ್ಲ. ಎರಡನೇದು ಅರ್ಧ ಮಾಡಿಟ್ಟಿರೋದು ಕೊಡಿ. ಮೂರನೇದು ಇವತ್ತಿನದು. ಹತ್ತು ನಿಮಿಷ ಆದ್ಮೇಲೆ ಎದ್ದೋಗ್ಬಹುದು ಅಂತ ಮಾತು ಕೊಡಿ, ಕೊಟ್ಟ ಮೇಲೆ ಉಳಿಸ್ಕೊಳ್ಳಿ, ಹನ್ನೊಂದನೇ ನಿಮಿಷಕ್ಕೆ ಎದ್ದೋಗೋರು ನನ್ನಲ್ಲಿ ಕಮ್ಮಿ.

ಮೂರನೇ ಹೆಜ್ಜೆ: ಪೇಪರ್ ಮನೆಗೆ ಬಂದ ಮೊದಲ ಅರ್ಧ ಗಂಟೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ನನ್ನ ಅನುಭವದಲ್ಲಿ ಕೆಡೋದೆಲ್ಲಾ ಇಲ್ಲೇ ಕೆಡೋದು.

ನಮ್ಮ ಜಿಲ್ಲೆಗಳಲ್ಲಿ ಮನೆಯ ಮೂಡು ಮಾರ್ಕೆಟ್ಟಿನ ರೇಟಿನ ಜೊತೆ ಏರುತ್ತೆ ಇಳಿಯುತ್ತೆ. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್ಟಲ್ಲಿ ಒಂದು ಬಾಕ್ಸ್ ಟೊಮೇಟೊ 2 ಸಾವಿರ ರೂಪಾಯಿ ದಾಟಿತ್ತು, ಇನ್ನೊಂದು ಸೀಸನ್ನಲ್ಲಿ ಕೇಳೋರಿಲ್ದೆ ರಸ್ತೆ ಪಕ್ಕ ಸುರಿದು ಹೋಗ್ತಾರೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಂದ ರೇಷ್ಮೆ ಗೂಡು ಕಮ್ಮಿ ರೇಟಿಗೆ ಮಾರಿ ವಾಪಸ್ ಬಂದಿರೋ ಅಪ್ಪನ ಮುಂದೆ ಮಗ ಇಪ್ಪತ್ತೈದಕ್ಕೆ ಎಂಟು ಬಂದಿರೋ ಪೇಪರ್ ಹಿಡೀತಾನೆ ಅಂದ್ಕೊಳಿ. ಆ ಏಟು ಯಾರಿಗೆ ಬೀಳ್ಬೇಕಿತ್ತು ಯಾರಿಗೆ ಬಿತ್ತು. ಅಪ್ಪನಿಗೆ ಪ್ರೀತಿ ಇಲ್ಲ ಅಂತ ನಾನು ಹೇಳ್ತಿಲ್ಲ, ಅಪ್ಪನ ಸಿಟ್ಟಿಗೂ ಹೆಸರಿಲ್ಲ ಅಷ್ಟೇ, ಅದು ನಷ್ಟದ ಸಿಟ್ಟು, ಬಡ್ಡಿ ಕಟ್ಟೋ ದಿಗಿಲು, ಮಾರ್ಕ್ಸಿನ ಹೆಸರಲ್ಲಿ ಹೊರಗೆ ಬಂತು.

ಹಂಗಾಗಿ ಮೊದಲ ಕೆಲಸ ಪೇಪರ್ ನೋಡೋದಲ್ಲ, ನಿಮ್ಮನ್ನ ನೀವು ನೋಡ್ಕೊಳ್ಳೋದು. ನಂಗೆ ಈಗ ಏನಾಗ್ತಿದೆ, ಇದು ಈ ಪೇಪರಿಂದ ಬಂತಾ ಅಥವಾ ಮಧ್ಯಾಹ್ನದಿಂದ ಜೊತೇಲೇ ಬಂದಿದ್ದಾ. ಮಧ್ಯಾಹ್ನದ್ದಾದ್ರೆ ನೇರವಾಗಿ ಹೇಳ್ಬಿಡಿ, "ಇವತ್ತು ಮಾರ್ಕೆಟ್ಟಲ್ಲಿ ಸರಿ ಹೋಗ್ಲಿಲ್ಲ ಕಣಪ್ಪ, ನಂಗೆ ತಲೆ ಕೆಟ್ಟೈತೆ, ಊಟ ಆದ್ಮೇಲೆ ನೋಡಾನ." ಇಷ್ಟು ಹೇಳಿದ್ರೆ ಅಪ್ಪನ ಮರ್ಯಾದೆ ಏನೂ ಹೋಗಲ್ಲ. ನನ್ನ ಹತ್ರ ಬರೋ ಒಬ್ಬ ಹುಡುಗನ ಅಪ್ಪ ಮೊದಲ ಸಲ ಹಿಂಗಂದಾಗ ಹುಡುಗ ಮಾರನೇ ದಿನ ಬಂದು ಹೇಳಿದ್ದು ಮಾರ್ಕ್ಸಿನ ವಿಷಯ ಅಲ್ಲ, "ಅಕ್ಕ ನಮ್ಮಪ್ಪಂಗೂ ತಲೆ ಕೆಡುತ್ತಂತೆ" ಅಂತ.

ಊಟ ಆದ್ಮೇಲೆ ಪೇಪರ್ ಬಿಚ್ಚಿ, ಪಕ್ಕದಲ್ಲಿ ಕೂತು, ಎದುರಿಗೆ ಬೇಡ. ಎದುರಿಗೆ ಕೂತ್ರೆ ಸ್ಟೇಷನ್ನಲ್ಲಿ ವಿಚಾರಣೆ ನಡೆದಂಗಿರುತ್ತೆ. ಒಟ್ಟು ಮಾರ್ಕ್ಸ್ ಇರೋ ಮೇಲ್ಗಡೆ ಮೂಲೇನ ಬೇಕಿದ್ರೆ ಬೆರಳಲ್ಲಿ ಮುಚ್ಕೊಳಿ, ತಮಾಷೆ ಅಲ್ಲ, ನಾನು ಹಂಗೇ ಮಾಡೋದು. ಒಂದೊಂದೇ ತಪ್ಪನ್ನ ತಗೊಂಡು ಮಗೂನೇ ಹೇಳ್ಲಿ ಇದು ಯಾವ ಜಾತಿ ತಪ್ಪು ಅಂತ. ಬರ್ತಿತ್ತು ಆದ್ರೆ ಅವಸರದಲ್ಲಿ ಹೋಯ್ತು ಅನ್ನೋದಕ್ಕೆ ಒಂದು ಗುರುತು, ಗೊತ್ತೇ ಇರ್ಲಿಲ್ಲ ಅನ್ನೋದಕ್ಕೆ ಇನ್ನೊಂದು, ಗೊತ್ತಿತ್ತು ಗಾಬರೀಲಿ ಖಾಲಿ ಬಿಟ್ಟೆ ಅನ್ನೋದಕ್ಕೆ ಮತ್ತೊಂದು. ನನ್ನ ಹತ್ರ ಹಿಂಗೇ ಎಂಟು ಬಂದಿದ್ದ ಒಬ್ಬ ಹುಡುಗಂದು ಲೆಕ್ಕ ಹಾಕಿದ್ರೆ ಒಂಬತ್ತು ಮಾರ್ಕ್ಸು ಗಾಬರೀಲಿ ಖಾಲಿ ಬಿಟ್ಟಿದ್ದು. ಅವನಿಗೆ ಇನ್ನೂ ಐವತ್ತು ಲೆಕ್ಕ ಮಾಡ್ಸಿದ್ರೆ ಏನು ಬಂತು, ಅವನಿಗೆ ಬೇಕಾಗಿದ್ದು ಖಾಲಿ ಬಿಡದ ಅಭ್ಯಾಸ, ಮೊದಲ ಸ್ಟೆಪ್ಪಾದ್ರೂ ಬರೆದು ಬರೋದು. ಗೊತ್ತೇ ಇಲ್ಲದ್ದು ಜಾಸ್ತಿ ಇದ್ರೆ ಅದು ಮನಸಿನ ಕೇಸಲ್ಲ, ಪಾಠದ ಕೇಸು, ಕೂತು ಹೇಳ್ಕೊಡಿ.

ಆಮೇಲೆ ಸಹಿ. ಸಹಿ ಹಾಕೋವಾಗ ಯಾರ ಹೆಸರೂ ಎತ್ಬೇಡಿ. ಚಿಕ್ಕಪ್ಪನ ಮಗ, ಎದುರು ಮನೆ ಹುಡುಗಿ, ನಿಮ್ಮಕ್ಕ, ಯಾರೂ ಬೇಡ. ಹೋಲಿಸ್ಬೇಕು ಅಂದ್ರೆ ಅವನದೇ ಹಿಂದಿನ ಪೇಪರ್ ಜೊತೆ ಹೋಲಿಸಿ. ಓದು ಬರ್ದೇ ಇರೋ ಅಮ್ಮಂದಿರು ನಂಗೇನ್ ಗೊತ್ತಾಗುತ್ತಮ್ಮ ಅಂತ ಹಿಂದೆ ಸರೀತಾರೆ, ನಾನು ಅವ್ರಿಗೆ ಹೇಳೋದು, ನಿಮ್ಮ ಕೈಲೇ ಆಗೋದು ಇದು. "ಇದೇನು ಬರ್ದಿದೀಯ ನಂಗೆ ಹೇಳ್ಕೊಡು" ಅಂತ ಕೇಳಿ, ಅಡುಗೆ ಮಾಡ್ತಾನೇ ಕೇಳಿ. ಅಮ್ಮನಿಗೆ ಹೇಳ್ಕೊಡೋ ಮಗು ತಪ್ಪಿಗೆ ಹೆದರಲ್ಲ, ಅಮ್ಮನಿಗೆ ತಪ್ಪು ಗೊತ್ತಾಗಲ್ವಲ್ಲ! ಆದ್ರೆ ಹೇಳ್ತಾ ಹೇಳ್ತಾ ಅವಕ್ಕೇ ಗೊತ್ತಾಗಿ ನಾಲಿಗೆ ಕಚ್ಕೋತವೆ.

ನಾಲ್ಕನೇ ಹೆಜ್ಜೆ: ಪ್ರಶ್ನೆ ಕೇಳೋದನ್ನ ಅಭ್ಯಾಸ ಮಾಡ್ಸೋದು

ಗೌರಿಬಿದನೂರು ತಾಲ್ಲೂಕು ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರ ಕಥೆ ನಮ್ಮ ಕಡೆ ಎಲ್ಲಾ ಮಕ್ಳಿಗೂ ಕೇಳಿಸ್ತಾರೆ, 1935ರಲ್ಲಿ ಬಸ್ಸಿಗೆ ದುಡ್ಡಿಲ್ದೆ ಬೆಂಗಳೂರಿಗೆ ನಡ್ಕೊಂಡೇ ಹೋಗಿ ಓದಿದ್ರು, ಅಮೆರಿಕಕ್ಕೆ ಹೋಗಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದ್ರು ಅಂತ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಬೀದಿ ದೀಪದ ಕಥೇನೂ ಹಂಗೇ. ನಂಗೆ ಈ ಕಥೆಗಳ ಮೇಲೆ ಗೌರವ ಇದೆ, ಅವನ್ನ ಹೇಳೋ ರೀತಿ ಮೇಲೆ ತಕರಾರಿದೆ. "ಅವ್ರು ನಡ್ಕೊಂಡೋಗಿ ಓದಿದ್ರು, ನಿಂಗೆ ಬಸ್ ಪಾಸ್ ಇದ್ರೂ ಓದೋಕಾಗಲ್ವಾ" ಅಂದ್ರೆ ಕಥೆ ಬೆತ್ತ ಆಗುತ್ತೆ. ನರಸಿಂಹಯ್ಯನವರು ಜೀವನಪೂರ್ತಿ ಹೇಳಿದ್ದು ಪ್ರಶ್ನೆ ಮಾಡ್ದೆ ಏನನ್ನೂ ಒಪ್ಪಬೇಡಿ ಅಂತ, ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನೇ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದೋರು, ಆ ಭಾಗನ ಯಾಕೋ ಮಕ್ಳಿಗೆ ಹೇಳೋದೇ ಕಮ್ಮಿ.

ಪ್ರಶ್ನೆ ಕೇಳೋಕೆ ಧೈರ್ಯ ಅಂತ ಸುಮ್ನೆ ಹೇಳಿದ್ರೆ ಬರಲ್ಲ, ವಾಕ್ಯ ಕೈಗೆ ಕೊಡ್ಬೇಕು. ಅರ್ಥ ಆಗ್ಲಿಲ್ಲ ಅನ್ನೋಕೆ ನಾಚಿಕೆ ಆಗುತ್ತೆ, "ಸರ್, ಮೂರನೇ ಸಾಲಿಂದ ನಾಲ್ಕನೇ ಸಾಲಿಗೆ ಹೆಂಗ್ ಬಂತು" ಅನ್ನೋಕೆ ಅಷ್ಟು ಆಗಲ್ಲ, ಯಾಕಂದ್ರೆ ಅದರಲ್ಲಿ ಮೂರು ಸಾಲು ಅರ್ಥ ಆಗಿದೆ ಅನ್ನೋದೂ ಸೇರಿದೆ. ನಾನು ಮಹಡಿ ಮೇಲೆ ಮಕ್ಳನ್ನ ಇಬ್ಬಿಬ್ರು ಕೂರ್ಸಿ ಈ ವಾಕ್ಯನ ಜೋರಾಗಿ ಹೇಳ್ಸಿ ಅಭ್ಯಾಸ ಮಾಡಿಸ್ತೀನಿ, ಮೊದಲ ದಿನ ಎಲ್ಲಾ ನಗ್ತಾರೆ, ನಗ್ಲಿ. ಒಂದು ಪೆಟ್ಟಿಗೆ ಇಟ್ಟಿದೀನಿ ಹಳೇ ಸ್ವೀಟ್ ಬಾಕ್ಸು, ಬಾಯಲ್ಲಿ ಕೇಳೋಕಾಗದೋರು ಚೀಟಿ ಹಾಕ್ಬಹುದು. ಜೂನಲ್ಲಿ ಚೀಟಿ ತುಂಬಿರುತ್ತೆ, ದೀಪಾವಳಿ ಹೊತ್ತಿಗೆ ಖಾಲಿ ಹೊಡೆಯುತ್ತೆ, ಬಾಯಲ್ಲೇ ಕೇಳೋಕೆ ಶುರು ಮಾಡಿರ್ತಾರೆ.

ಟೀಚರ್‌ಗಳಿಗೆ ಒಂದು ಮಾತು, ನಾನೂ ಆ ಜಾತಿಗೇ ಸೇರಿದೋಳು ಅಂತ ಸಲಿಗೆಯಿಂದ ಹೇಳ್ತೀನಿ. ನಿಮಗೆ ಗೊತ್ತಿಲ್ಲದ್ದನ್ನ ಕೇಳಿದಾಗ "ನಂಗೂ ಗೊತ್ತಿಲ್ಲ, ನಾಳೆ ನೋಡ್ಕೊಂಡು ಬರ್ತೀನಿ" ಅನ್ನಿ, ನೋಡ್ಕೊಂಡೂ ಬನ್ನಿ. ನಾನು ಒಂದ್ಸಲ ತ್ರಿಕೋನಮಿತಿ ಲೆಕ್ಕದಲ್ಲಿ ಬೋರ್ಡ್ ಮೇಲೇ ಸಿಕ್ಕಾಕ್ಕೊಂಡೆ, ಕಿವಿ ಎಲ್ಲಾ ಬಿಸಿ ಆಯ್ತು, ಎಂಟನೇ ಕ್ಲಾಸಿನ ಆ ಪೀರಿಯಡ್ಡೇ ವಾಪಸ್ ಬಂದಂಗಾಯ್ತು. ನಂಗೀಗ ಗಾಬರಿ ಆಗ್ತಿದೆ ಕಣ್ರೋ, ಎರಡು ನಿಮಿಷ ಕೊಡಿ ಅಂದೆ. ಹಿಂದಿನ ಸಾಲಿನ ಹುಡುಗಿ ಒಬ್ಳು ಎದ್ದು "ಅಕ್ಕ ಅಲ್ಲಿ ಮೈನಸ್ ಬಿಟ್ಟಿದೀರ" ಅಂದ್ಲು. ಅವತ್ತಿನವರೆಗೆ ಅವಳು ಎದ್ದು ನಿಂತಿದ್ದೇ ಇಲ್ಲ.

ಮನಸು ಸಂಭಾಳಿಸೋದು ಉತ್ತರ ಆಗದೇ ಇರೋ ಜಾಗಗಳೂ ಇವೆ, ಅದನ್ನ ಮರೀಬೇಡಿ. ಸ್ಕೂಲಲ್ಲಿ ಯಾರೋ ಹೊಡೀತಿದಾರೆ, ಜಾತಿ ಎತ್ತಿ ಮಾತಾಡ್ತಿದಾರೆ, ಮೈ ಬಣ್ಣ ಆಡ್ಕೋತಿದಾರೆ ಅಂದ್ರೆ ಮಗೂಗೆ ಉಸಿರಾಟದ ವ್ಯಾಯಾಮ ಹೇಳ್ಕೊಡೋದು ಅನ್ಯಾಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಳಿಗೆ ದೈಹಿಕ ಶಿಕ್ಷೆನೂ ಮಾನಸಿಕ ಕಿರುಕುಳನೂ ನಿಷೇಧ ಮಾಡಿದೆ, ಹೆಡ್‌ಮಾಸ್ಟರ್ ಹತ್ರ ಹೋಗಿ, ಎಸ್‌ಡಿಎಂಸಿ ಅಂದ್ರೆ ಶಾಲಾಭಿವೃದ್ಧಿ ಸಮಿತಿ ಇದ್ರೆ ಅಲ್ಲಿ ಕೇಳಿ, ಬಿಇಒ ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿಗೆ ಬರೆದು ಕೊಡಿ. ಹಂಗೇ ಬೋರ್ಡ್ ಕಾಣದೇ ಸುಮ್ನೆ ಕೂತಿರೋ ಮಗೂಗೆ ಬೇಕಾಗಿರೋದು ಕನ್ನಡಕ, ಅಕ್ಷರ ತಿರುಗಾ ಮುರುಗಾ ಕಾಣೋ ಮಗೂಗೆ ಬೇಕಾಗಿರೋದು ಡಾಕ್ಟರ್ ತಪಾಸಣೆ. ನಾನು ಒಬ್ಬನ್ನ ಎಂಟು ತಿಂಗ್ಳು ಸಂಕೋಚದ ಹುಡುಗ ಅಂತ ಅನ್ಕೊಂಡಿದ್ದೆ, ಒಂದು ಕಿವಿ ಕೇಳಿಸ್ತಾ ಇರ್ಲಿಲ್ಲ ಪಾಪ.

ಐದನೇ ಹೆಜ್ಜೆ: ಪರೀಕ್ಷೆಯ ಹಿಂದಿನ ರಾತ್ರಿ, ಬೆಳಗ್ಗೆ, ರಿಸಲ್ಟ್ ದಿನ

ಹಿಂದಿನ ರಾತ್ರಿ ಹೊಸದು ಏನೂ ಓದ್ಬೇಡಿ, ನಿದ್ದೆ ಮಾಡಿ, ಇದು ಎಲ್ಲರಿಗೂ ಗೊತ್ತಿರೋದೇ. ಬೆಳಗ್ಗೆ ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಒಂದು ಹಾಳೆ ತಗೊಂಡು ಏನೇನು ಭಯ ಆಗ್ತಿದೆ ಎಲ್ಲಾ ಬರೀರಿ, ಕಾಗುಣಿತ ಯಾರೂ ನೋಡಲ್ಲ, ಬರೆದು ಹರಿದು ಹಾಕಿ. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಿಂಗೆ ಬರೆದ ಮಕ್ಳು, ಅದ್ರಲ್ಲೂ ಪರೀಕ್ಷೆ ಅಂದ್ರೆ ಜಾಸ್ತಿ ಹೆದರೋರು, ಬರೀದೇ ಇದ್ದೋರಿಗಿಂತ ಚೆನ್ನಾಗಿ ಮಾಡಿದ್ರು. ಯಾಕೆ ಅಂದ್ರೆ ಲೆಕ್ಕ ಮಾಡೋವಾಗ ಅಂಕಿಗಳನ್ನ ತಲೇಲಿ ಹಿಡ್ಕೊಳ್ಳೋಕೆ ಒಂದು ಸಣ್ಣ ಜಾಗ ಇರುತ್ತೆ, ಫೇಲಾದ್ರೆ ಏನ್ಗತಿ ಅನ್ನೋ ಯೋಚನೆ ಅಲ್ಲೇ ಬಂದು ಕೂತ್ರೆ ಅಂಕಿಗೆ ಜಾಗ ಸಾಲಲ್ಲ. ಹಾಳೆ ಮೇಲೆ ಇಳಿಸಿದ್ರೆ ಜಾಗ ಖಾಲಿ ಆಗುತ್ತೆ.

ಎದೆ ಡವಡವ ಅನ್ನೋದನ್ನ ನಿಲ್ಲಿಸೋಕೆ ಹೋಗ್ಬೇಡಿ, ನಿಲ್ಲಲ್ಲ. ಕಬಡ್ಡಿ ಆಡೋಕೆ ಮುಂಚೆನೂ ಹಂಗೇ ಹೊಡ್ಕೊಳ್ಳುತ್ತಲ್ವಾ, ಅದಕ್ಕೆ ನೀವು ಭಯ ಅನ್ನಲ್ಲ, ಜೋಶ್ ಅಂತೀರ. 2014ರ ಒಂದು ಅಧ್ಯಯನದಲ್ಲಿ ಗಣಿತದ ಟೆಸ್ಟಿಗೆ, ಭಾಷಣಕ್ಕೆ, ಹಾಡೋಕೆ ಮುಂಚೆ ನಾನು ಸಮಾಧಾನವಾಗಿದೀನಿ ಅಂತ ಹೇಳ್ಕೊಂಡೋರಿಗಿಂತ ನಂಗೆ ಜೋಶ್ ಬಂದಿದೆ ಅಂತ ಹೇಳ್ಕೊಂಡೋರೇ ಚೆನ್ನಾಗಿ ಮಾಡಿದ್ರು. ನಮ್ಮ ಹುಡುಗ್ರು ಇದನ್ನ ಬೇಗ ಹಿಡ್ಕೊಂಡ್ರು, ಎಕ್ಸಾಮ್ ಹಾಲ್ ಮುಂದೆ ತೊಡೆ ತಟ್ಕೊಂಡು ಒಳಗೆ ಹೋದೋರೂ ಇದಾರೆ. ತೀರಾ ಕೈ ನಡುಗಿದ್ರೆ ಉಸಿರು ಬಿಡೋದನ್ನ ಎಳೆಯೋದಕ್ಕಿಂತ ಎರಡರಷ್ಟು ನಿಧಾನ ಮಾಡಿ, ಐದಾರು ಸಲ.

ರಿಸಲ್ಟ್ ದಿನಕ್ಕೆ ಮನೆಯವರು ಮೊದಲೇ ಪ್ಲಾನ್ ಮಾಡ್ಬೇಕು, ಇದನ್ನ ಯಾರೂ ಮಾಡಲ್ಲ. ಹಿಂದಿನ ದಿನವೇ ಕೂತು ಮಾತಾಡಿ, ಇಷ್ಟು ಬಂದ್ರೆ ಏನು, ಅಷ್ಟು ಬಂದ್ರೆ ಏನು, ಹೋದ್ರೆ ಏನು. ಈಗ ಎಸ್ಸೆಸ್ಸೆಲ್ಸೀಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಸಲ ಪರೀಕ್ಷೆ ಬರೆಯೋ ಅವಕಾಶ ಇದೆ, ನನ್ನ ಕಾಲದಲ್ಲಿದ್ದಂಗೆ ಸಪ್ಲಿಮೆಂಟ್ರಿ ಅನ್ನೋ ಹಣೆಪಟ್ಟಿ ಇಲ್ಲ. ಈ ಮಾತನ್ನ ರಿಸಲ್ಟ್ ಬಂದ್ಮೇಲೆ ಹೇಳಿದ್ರೆ ಸಮಾಧಾನ ಮಾಡ್ದಂಗೆ ಕೇಳ್ಸುತ್ತೆ, ಮುಂಚೆನೇ ಹೇಳಿದ್ರೆ ದಾರಿ ಕಾಣುತ್ತೆ. ಎಷ್ಟ್ ಬಂತು ಅಂತ ಬರೋ ನೆಂಟರ ಫೋನೆಲ್ಲಾ ಅವತ್ತು ದೊಡ್ಡೋರೊಬ್ರು ಎತ್ತಿ, ಮಗು ಕೈಗೆ ಕೊಡ್ಬೇಡಿ. ಅವತ್ತು ರಾತ್ರಿ ಮಗೂನ ಒಂಟಿಯಾಗಿ ಬಿಡ್ಬೇಡಿ. ಊಟ ಬಿಟ್ಟು ಮಾತು ಬಿಟ್ಟು ಕೂತ್ರೆ, ಅಥವಾ ನಾನಿದ್ದು ಏನು ಪ್ರಯೋಜನ ಅನ್ನೋ ಥರ ಮಾತು ಬಂದ್ರೆ, ನೇರವಾಗಿ ಕೇಳಿ, ಸಾಯ್ಬೇಕು ಅನ್ನಿಸ್ತಿದೆಯಾ ಅಂತ. ಕೇಳಿದ್ರೆ ಆ ಯೋಚನೆ ಹುಟ್ಟಲ್ಲ. 14416 ಟೆಲಿ ಮಾನಸ್ ನಂಬರು, ಕೇಂದ್ರ ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೂ ಮಾತಾಡ್ಬಹುದು. ಫೋನಲ್ಲಿ ಈಗ್ಲೇ ಸೇವ್ ಮಾಡ್ಕೊಳಿ.

ಕೊನೇದು ದೊಡ್ಡೋರಿಗೆ

ಕಲಿಯೋದು ಮಕ್ಳ ಕೆಲಸ ಅಂತ ಅನ್ಕೊಂಡಿದೀವಿ, ಆದ್ರೆ ನಲವತ್ತು ದಾಟಿದ ಮೇಲೂ ಬ್ಯಾಂಕ್ ಚಲನ್, ಫೋನ್ ಪೇ, ಸ್ಕೂಟಿ, ಸಂಘದ ಲೆಕ್ಕದ ಬುಕ್ಕು, ಎಲ್ಲಾ ಕಲೀಲೇಬೇಕು. ಮುಳಬಾಗಿಲಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಶಾಲೆ ಓದು ಮೆಟ್ರಿಕ್ ದಾಟಿರ್ಲಿಲ್ಲ, ಆಮೇಲೆ ಓದಿದ್ದೆಲ್ಲಾ ಸ್ವಂತವಾಗಿ ಓದಿದ್ದು, 1974ರಲ್ಲಿ ಪದ್ಮಭೂಷಣ ಬಂತು. ದೊಡ್ಡೋರ ನಾಚಿಕೆ ಮಕ್ಳ ನಾಚಿಕೆಗಿಂತ ಗಟ್ಟಿ, ಯಾಕಂದ್ರೆ ಅದರ ಮೇಲೆ ಇಪ್ಪತ್ತು ಮೂವತ್ತು ವರ್ಷದ ನೆಪ ಕೂತಿರುತ್ತೆ. ಕನ್ನಡಕ ತಂದಿಲ್ಲ ನೀನೇ ಓದು ಅನ್ನೋರಲ್ಲಿ ಎಷ್ಟೋ ಜನಕ್ಕೆ ಕನ್ನಡಕನೇ ಇರಲ್ಲ.

ದೊಡ್ಡೋರು ಕಲಿಯೋದಾದ್ರೆ ಸ್ವಂತ ಮಕ್ಳ ಹತ್ರ ಮೊದಲು ಹೋಗ್ಬೇಡಿ, ಅವು ಅಯ್ಯೋ ಅಮ್ಮ ಎಷ್ಟ್ ಸಲ ಹೇಳೋದು ಅಂತಾವೆ, ಅಲ್ಲಿಗೆ ಮುಗೀತು. ಹೊರಗಿನೋರು ಒಬ್ರು, ನಿಮ್ಮನ್ನ ನೋಡಿ ನಗದೇ ಇರೋರು, ಒಬ್ರು ಸಾಕು. ಹೋದ ತಕ್ಷಣ ಮೊದಲನೇ ಮಾತು "ನಂಗೆ ನಿಧಾನ, ಮೂರು ಸಲ ಕೇಳ್ತೀನಿ" ಅಂತ ಹೇಳ್ಬಿಡಿ, ಆಮೇಲೆ ಮೂರನೇ ಸಲ ಕೇಳೋವಾಗ ಗಂಟಲು ಕಟ್ಟಲ್ಲ. ದಿನಾ ಬೇಕಾಗೋ ಒಂದನ್ನೇ ಹಿಡೀರಿ, ಬಾಲಬೋಧೆಯಿಂದ ಶುರು ಮಾಡ್ಬೇಕು ಅಂತೇನಿಲ್ಲ.

ನಮ್ಮ ಬೀದಿಯಲ್ಲಿ ಹೂ ಕಟ್ಟಿ ಮಾರೋ ಒಬ್ಬ ಅಜ್ಜಿ ಇದಾರೆ, ಅರವತ್ತು ದಾಟಿದೆ. ಬ್ಲೌಸ್ ಹೊಲ್ಸೋಕೆ ಬಂದಾಗ ನಾನು ಚೀಟಿ ಬರೀತಿದ್ರೆ ಅದನ್ನೇ ನೋಡ್ತಾ ಕೂರೋರು. ಓದು ಕಲೀತೀರಾ ಅಜ್ಜಿ ಅಂದೆ, "ಈ ವಯಸ್ಸಲ್ಲಾ, ನಗಲ್ವೇನಮ್ಮ ಜನ" ಅಂದ್ರು. ಏನು ಓದೋಕೆ ಬಂದ್ರೆ ಅನುಕೂಲ ಆಗುತ್ತೆ ಅಂದೆ. ಬಸ್ ಬೋರ್ಡು ಅಂದ್ರು, ಸ್ಟಾಂಡಲ್ಲಿ ಕಂಡೋರನ್ನೆಲ್ಲಾ ಇದೆಲ್ಲಿಗೆ ಹೋಗುತ್ತಪ್ಪಾ ಅಂತ ಕೇಳಿ ಕೇಳಿ ಸಾಕಾಗಿದೆ ಅಂತ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಕತ್ತರಿಸಿ ಉಳಿದ ಬಟ್ಟೆ ತುಂಡಿನ ಮೇಲೆ ಚಾಕ್‌ಪೀಸಲ್ಲಿ ಊರಿನ ಹೆಸರು ಬರೆದು ಕೊಟ್ಟೆ, ಕೋಲಾರ, ಮದನಪಲ್ಲಿ, ಶಿಡ್ಲಘಟ್ಟ. ತಪ್ಪಾದ್ರೆ ಸೆರಗಲ್ಲಿ ಒರೆಸಿಬಿಡೋರು, ಗುರುತೂ ಉಳಿತಿರ್ಲಿಲ್ಲ. ನಾಲ್ಕು ತಿಂಗ್ಳು ಹಿಡೀತು. ಈಗ ಸ್ಟಾಂಡಲ್ಲಿ ಸೊಂಟದ ಮೇಲೆ ಕೈ ಇಟ್ಕೊಂಡು ಬೋರ್ಡ್ ಓದ್ತಾರೆ, ಬಾ, ಗೇ, ಪ, ಅಷ್ಟು ಸರಾಗ, ಲ್ಲಿ ಹತ್ರ ಒಂದು ಗಳಿಗೆ ನಿಲ್ತಾರೆ, ಒತ್ತು ನೋಡ್ಕೊಂಡು ಆಮೇಲೆ ಹತ್ತುತ್ತಾರೆ.